ಆರು ಸಾವಿರ ರಿಸೋಲ್, ಹದಿನೈದು ನಿಮಿಷ

ಆರು ಸಾವಿರ ರಿಸೋಲ್ ಮಾರಿದ ಹುಡುಗಿಗೆ ಹದಿನೈದು ನಿಮಿಷ ಕೊಡಲಾರದ ವಿಶ್ವವಿದ್ಯಾಲಯವೊಂದು ನಮ್ಮ ಸೋಲೋ ಊರಿನಲ್ಲಿದೆ. ಅದರ ಹಿಂದಿನ ಗೇಟಿಗೆ ಎದುರಾಗಿ ನನ್ನ ಜೆರಾಕ್ಸ್ ಅಂಗಡಿ. ಮೂವತ್ತೊಂದು ವರ್ಷದಿಂದ ಅಲ್ಲಿ ಕೂತು ನಾನು ಬೈಂಡು ಹಾಕಿದ ಪ್ರಬಂಧಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೆರಾಪಿ ಪರ್ವತ ನಾಚಿಕೊಂಡು ಹೊಗೆಯಾಡುವುದನ್ನೇ ಬಿಟ್ಟುಬಿಡುತ್ತದೆ. ಉತ್ಪ್ರೇಕ್ಷೆ ಮಾಡುತ್ತೇನೆಂದು ನನಗೆ ಕೆಟ್ಟ ಹೆಸರಿದೆ. ಇರಲಿ. ಆದರೆ ಆರು ಸಾವಿರ ಎಂಬುದು ನನ್ನ ಅಂಕಿಯಲ್ಲ, ರಿಸೋಲ್ ಕರಿಯುವ ಬು ವಾರ್ಸಿಯದು. ಆಕೆ ನಗುವುದೂ ಎಣಿಸಿಯೇ.

ಹುಡುಗಿಯ ಹೆಸರು ವೆನಿಂಗ್. ವೊನೊಗಿರಿ ಕಡೆಯವಳು, ಅಪ್ಪ ತಳ್ಳುಗಾಡಿಯಲ್ಲಿ ಮಾಂಸದುಂಡೆಯ ಸಾರು ಮಾರುತ್ತಾನೆ. ಕೃಷಿ ವಿಭಾಗದಲ್ಲಿ ಮೂರನೆಯ ವರ್ಷ. ಸೋಮವಾರ, ಗುರುವಾರ ಸಿಲಾತ್ ಗರಡಿಯಲ್ಲಿ ಗಂಡಸರನ್ನು ಎತ್ತಿ ಒಗೆಯುವ ಕೆಲಸ. ಮಂಗಳವಾರ, ಶುಕ್ರವಾರ ಜರಿಗಿಡಗಳ ಸೇವೆ. ಹಳೇ ಜ್ಯಾಮ್ ಬಾಟಲಿಗಳಲ್ಲಿ ನಲವತ್ತು ಬಗೆಯ ಜರಿಗಿಡ ಸಾಕಿ, ಒಂದೊಂದಕ್ಕೂ ಹೆಸರಿಟ್ಟು, ಕುಶಲ ವಿಚಾರಿಸುತ್ತಾಳೆ. ಬುಧವಾರ, ಶನಿವಾರ ಸಂಜೆ ಕೆರೊಂಚೊಂಗ್ ಎಂಬ ನಮ್ಮ ಹಳೇ ತಂತಿವಾದ್ಯ ಸಂಗೀತದ ತಂಡದ ತಾಲೀಮು. ಉಳಿದ ಸಮಯದಲ್ಲಿ, ಅಂದರೆ ನಡೆಯುವಾಗ, ಉಣ್ಣುವಾಗ, ಪಾಠ ಕೇಳುವಾಗ, ಕೈಯಲ್ಲಿ ಕ್ರೋಶಾ ಕಡ್ಡಿ, ಕಂಕುಳಲ್ಲಿ ಉಣ್ಣೆಯ ಉಂಡೆ. ದೇವರು ವಾರಕ್ಕೆ ಒಂಬತ್ತು ದಿನ ಕೊಟ್ಟಿದ್ದರೆ ಎಂಟನೆಯದಕ್ಕೆ ಈಜು, ಒಂಬತ್ತನೆಯದಕ್ಕೆ ಇನ್ನೊಂದು ಡಬ್ಬಿ ರಿಸೋಲ್ ಹಾಕಿಕೊಳ್ಳುತ್ತಿದ್ದಳು.

"ಏನಮ್ಮಾ ವೆನಿಂಗ್, ನಿದ್ದೆ ಅಂತ ಮಾಡೋದು ಯಾವಾಗ?" ಎಂದು ಒಮ್ಮೆ ಕೇಳಿದೆ.

"ಪರೀಕ್ಷೆ ಹಾಲಲ್ಲಿ, ಪಾಕ್ ತುಕಿಮಿನ್. ಅಲ್ಲಿ ಎರಡು ಗಂಟೆ ಯಾರೂ ಮಾತಾಡ್ಸಲ್ಲ." ತುಕಿಮಿನ್ ನನ್ನ ಹೆಸರು; ಪಾಕ್, ಬು, ಮಾಸ್ ಅಂದರೆ ನಮ್ಮಲ್ಲಿ ಅಪ್ಪ, ಅಮ್ಮ, ಅಣ್ಣ ಎಂದು ಮರ್ಯಾದೆಗೆ ಕರೆಯುವುದು.

ಈಗ ರಿಸೋಲ್ ವಿಷಯ. ನಮ್ಮಲ್ಲಿ ವಿದ್ಯಾರ್ಥಿಗಳು ನಾಟಕ ಮಾಡಲಿ, ಗೋಷ್ಠಿ ಮಾಡಲಿ, ಭತ್ತದ ಹುಳುವಿನ ಬಗ್ಗೆ ವಿಚಾರಸಂಕಿರಣವನ್ನೇ ಮಾಡಲಿ, ವಿಶ್ವವಿದ್ಯಾಲಯ ಆಶೀರ್ವಾದ ಕೊಡುತ್ತದೆ, ದುಡ್ಡು ಕೊಡುವುದಿಲ್ಲ. ದುಡ್ಡು ರಿಸೋಲ್‌ನಿಂದ ಹುಟ್ಟಬೇಕು. ಇದಕ್ಕೆ ದಾನುಸ್ ಎನ್ನುತ್ತಾರೆ. ಸಮಿತಿ ಸೇರಿದ ಪ್ರತಿಯೊಬ್ಬರೂ ಬೆಳಗ್ಗೆ ಏಳಕ್ಕೆ ನನ್ನ ಅಂಗಡಿ ಜಗಲಿಗೆ ಬಂದು, ಬು ವಾರ್ಸಿ ಇಳಿಸಿಹೋದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಒಂದನ್ನು ಎತ್ತಿಕೊಳ್ಳಬೇಕು. ಡಬ್ಬಿಗೆ ಇಪ್ಪತ್ತು ರಿಸೋಲ್. ಒಳಗೆ ಮೊಟ್ಟೆ, ಮಾಂಸ, ಮಯೋನೀಸ್ ಸುತ್ತಿ ಗರಿಗರಿಯಾಗಿ ಕರಿದದ್ದು, ಜೊತೆಗೊಂದು ಹಸಿಮೆಣಸಿನಕಾಯಿ. ಸಂಜೆಗೆ ಉಳಿದದ್ದನ್ನು ಎತ್ತಿಕೊಂಡವರೇ ಕೊಂಡು ತಿನ್ನಬೇಕು. ಹೀಗಾಗಿ ಯಾರು ಎಷ್ಟು ವರ್ಷದಿಂದ ಸಮಿತಿಯಲ್ಲಿದ್ದಾರೆಂದು ನಮ್ಮ ಕ್ಯಾಂಪಸ್ಸಿನಲ್ಲಿ ಕೆನ್ನೆ ನೋಡಿಯೇ ಹೇಳಬಹುದು.

ವೆನಿಂಗ್ ಒಂದಲ್ಲ, ಎರಡು ಡಬ್ಬಿ ಎತ್ತುತ್ತಿದ್ದಳು. ಎಂಟು ತಿಂಗಳು. ಪಾಠ ಶುರುವಾಗುವ ಮೊದಲು ತರಗತಿಯಲ್ಲಿ, ಊಟದ ಹೊತ್ತಿಗೆ ಗ್ರಂಥಾಲಯದ ಮೆಟ್ಟಿಲಲ್ಲಿ. ಗರಡಿಯಲ್ಲಂತೂ ಎದುರಾಳಿಯನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮಂಡಿಯೂರಿ, "ಮಾಸ್, ರಿಸೋಲ್ ಬೇಕಾ? ಬಿಸಿ ಇದೆ" ಎಂದು ಕೇಳಿದಳಂತೆ. ಅವನು ಮಲಗಿದಲ್ಲೇ ನಾಲ್ಕು ಕೊಂಡ. ದಿನಕ್ಕೆರಡು ಕೊಳ್ಳುತ್ತಿದ್ದ ಗೇಟಿನ ಕಾವಲುಗಾರ ಎಂಟು ತಿಂಗಳಲ್ಲಿ ಎಷ್ಟು ಊದಿದನೆಂದರೆ, ಗೇಟು ಮುಚ್ಚುವ ಅಗತ್ಯವೇ ಉಳಿಯಲಿಲ್ಲ. ಅವನು ನಡುವೆ ನಿಂತರೆ ಸಾಕಿತ್ತು.

ಇಷ್ಟೆಲ್ಲ ಯಾಕೆ? ಹದಿನೈದು ನಿಮಿಷಕ್ಕಾಗಿ.

ಅವಳ ಕೆರೊಂಚೊಂಗ್ ತಂಡದಲ್ಲಿ ಏಳು ಜನ. ವೆನಿಂಗ್ ನುಡಿಸುವುದು ಚುಕ್, ತೋಳಿನ ಮಡಿಕೆಯಲ್ಲಿ ಅಡಗಿಬಿಡುವ ಮೂರು ತಂತಿಯ ಪುಟ್ಟ ವಾದ್ಯ. ಹಾಡುವವನು ತೋಗಾರ್, ಮೇದಾನ್ ಕಡೆಯ ಬಾತಕ್ ಜನದವನು. ಅವನು ಪಿಸುಗುಟ್ಟಿದರೂ ಎರಡು ಬೀದಿ ಆಚೆಯ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸುತ್ತವೆ. ಹಾಡುವಾಗ ಮಾತ್ರ ಅದೇ ಗಂಟಲು ಬೆಣ್ಣೆ. ಬಾಡಿಗೆ ಸ್ಟುಡಿಯೋಗಳು ಗಂಟೆಗಿಷ್ಟೆಂದು ಸುಲಿಯುವುದರಿಂದ ತಾಲೀಮು ನನ್ನ ಹಿಂಕೋಣೆಯಲ್ಲಿ, ಕಾಗದದ ರೀಮುಗಳ ನಡುವೆ. ನನ್ನ ಹಳೇ ಯಂತ್ರ ಹೊರಗೆ ಗಡಗಡ ಎನ್ನುತ್ತಿದ್ದರೆ ಅವರು ಒಳಗೆ ಅದನ್ನೇ ತಾಳವೆಂದು ಹಿಡಿದು ನುಡಿಸುತ್ತಿದ್ದರು. ಕಾಗದ ಸಿಕ್ಕಿಕೊಂಡರೆ ತೋಗಾರ್ ಹಾಡು ನಿಲ್ಲಿಸಿ, "ಪಾಕ್! ನಿಮ್ ಡ್ರಮ್ಮು ತಪ್ಪಿತು!" ಎಂದು ಕೂಗುತ್ತಿದ್ದ.

ಏಳರಲ್ಲಿ ನಾಲ್ವರಿಗೆ ಇದು ಕಡೆಯ ವರ್ಷ. ಮೂರು ವರ್ಷದಿಂದ ಮದುವೆಮನೆಗಳಲ್ಲಿ ತಟ್ಟೆ ಚಮಚದ ಸದ್ದಿನ ಹಿಂದೆ ನುಡಿಸಿದವರು ಒಮ್ಮೆಯೂ ಕೇಳಲೆಂದೇ ಕೂತ ಜನರೆದುರು ನುಡಿಸಿರಲಿಲ್ಲ. ಈ ಸಲ ವಿಶ್ವವಿದ್ಯಾಲಯದ ಹುಟ್ಟುಹಬ್ಬಕ್ಕೆ ಮೈದಾನದಲ್ಲಿ ದೊಡ್ಡ ವೇದಿಕೆ. ಸಮಿತಿಯ ಮುಖ್ಯಸ್ಥ ದನೇಂದ್ರ ಮೊದಲ ಸಭೆಯಲ್ಲೇ ಮಾತು ಕೊಟ್ಟಿದ್ದ: ಕೆರೊಂಚೊಂಗ್‌ಗೆ ಹದಿನೈದು ನಿಮಿಷ. ಅದಕ್ಕಾಗಿ ವೆನಿಂಗ್ ಸಮಿತಿ ಸೇರಿದಳು. ಒಂದು ಡಬ್ಬಿ ತಂಡದ ಪಾಲು, ಇನ್ನೊಂದು ಕೃತಜ್ಞತೆಯ ಪಾಲು ಎಂದು ಎರಡು ಎತ್ತಿದಳು.

ಈ ದನೇಂದ್ರನ ಮಾತು ಎಷ್ಟು ನುಣುಪೆಂದರೆ, ಅದರ ಮೇಲೆ ನೊಣ ಕೂತರೆ ಜಾರಿಬಿದ್ದು ಕಾಲು ಮುರಿದುಕೊಳ್ಳುತ್ತದೆ. ಕಟ್ಟಡಗಳಿಗೆ ಸಂಜೆ ಬೀಗ ಬೀಳುವುದರಿಂದ ಸಮಿತಿಯ ಸಭೆ ನಡೆಯುವುದು ನನ್ನ ಜಗಲಿಯಲ್ಲಿ, ಚಾಪೆ ಹಾಸಿಕೊಂಡು. ಹಾಗಾಗಿ ಮುಂದಿನದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು.

ಹಬ್ಬಕ್ಕೆ ಎರಡು ವಾರವಿತ್ತು. ಇಪ್ಪತ್ಮೂರು ಜನ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಗೆಳೆಯರೇ," ಎಂದ ದನೇಂದ್ರ, "ಒಂದು ಸಂತೋಷದ ಸುದ್ದಿ. ಜಕಾರ್ತಾದಿಂದ ಒಬ್ರು ದೊಡ್ಡ ಗಾಯಕರು ಬರೋಕೆ ಒಪ್ಪಿದಾರೆ."

ಆ ಗಾಯಕನ ಹೆಸರು ನಾನು ಬರೆಯುವುದಿಲ್ಲ. ನನ್ನ ಅಂಗಡಿಯಲ್ಲಿ ಶಾಯಿ ಪುಕ್ಕಟೆ ಸಿಗುವುದಿಲ್ಲ.

ಗಾಯಕನ ಕಡೆಯವರು ಒಂದು ಪಟ್ಟಿ ಕಳಿಸಿದ್ದರು. ಆರು ಕಪ್ಪು ಟವೆಲ್. ಸುಲಿದು ಹೆಚ್ಚಿದ ಇಂದ್ರಮಾಯು ಮಾವಿನಹಣ್ಣು, ಹೋಳುಗಳು ಒಂದಕ್ಕೊಂದು ತಾಗಬಾರದು. ಮತ್ತೆ, ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ವೇದಿಕೆ ಖಾಲಿ ಇರಬೇಕು, ಧ್ವನಿ ಪರೀಕ್ಷೆಗೆ. ನಾಲ್ಕು ಗಂಟೆ! ನಮ್ಮ ಮಸೀದಿಯ ಮೈಕು ಸರಿಮಾಡುವವನು 'ಹಲೋ ಹಲೋ' ಎಂದು ಎರಡು ಸಲ ಹೇಳಿ ಮನೆಗೆ ಹೋಗುತ್ತಾನೆ.

"ಹಾಗಾಗಿ ನಮ್ಮ ಕ್ಯಾಂಪಸ್ಸಿನ ಕಲಾವಿದರಿಗೆ ಇನ್ನೂ ಒಳ್ಳೇ ಜಾಗ ಯೋಚನೆ ಮಾಡಿದೀವಿ," ಎಂದ ದನೇಂದ್ರ. "ಅವರವರು ಮನೇಲೇ ವಿಡಿಯೋ ಮಾಡಿ ಕಳಿಸಿದ್ರೆ ಸಮಿತಿಯ ಪುಟದಲ್ಲಿ ಹಾಕ್ತೀವಿ. ವೇದಿಕೆ ಹದಿನೈದೇ ನಿಮಿಷ, ವಿಡಿಯೋ ಶಾಶ್ವತ. ಎಲ್ಲರ ಒಳ್ಳೇದಕ್ಕೇ. ಸೆತುಜು?"

ಸೆತುಜು ಎಂದರೆ ಒಪ್ಪಿಗೆ. ನಮ್ಮ ಸಭೆಗಳಲ್ಲಿ ಕೈ ಎತ್ತಿಸಿ ಎಣಿಸುವ ಒರಟುತನವಿಲ್ಲ. ಮುಖ್ಯಸ್ಥ 'ಸೆತುಜು?' ಎನ್ನುತ್ತಾನೆ, ಸಭೆ 'ಸೆತುಜು!' ಎನ್ನುತ್ತದೆ, ಮೂರು ಚಪ್ಪಾಳೆ, ಮುಗಿಯಿತು. ನಾವು ಇದನ್ನು ಶಾಲೆಯ ಮೊದಲ ದಿನವೇ ಕಲಿಯುತ್ತೇವೆ. ನಿದ್ದೆಯಲ್ಲಿ ಕೇಳಿದರೂ ಬಾಯಿ ತಾನೇ ಹೇಳುತ್ತದೆ.

"ಸೆತುಜು!" ಎಂದಿತು ಸಭೆ. ಚಪ್ಪಾಳೆ, ಚಪ್ಪಾಳೆ, ಚಪ್ಪಾಳೆ.

ಅದರಲ್ಲೊಂದು ದನಿ ವೆನಿಂಗಳದು. ತಲೆ ತಗ್ಗಿಸಿ ಕ್ರೋಶಾ ಗಂಟು ಎಣಿಸುತ್ತಿದ್ದವಳು ಎಲ್ಲರ ಜೊತೆ ಲಕ್ಷಣವಾಗಿ 'ಸೆತುಜು' ಎಂದಳು. ಅಂದ ಮೇಲೆ ಕಡ್ಡಿ ನಿಂತಿತು. ತಲೆ ಎತ್ತಿದಳು. ತನ್ನ ಕತ್ತನ್ನು ತಾನೇ ಕೊಯ್ದುಕೊಂಡು ಮೂರು ಸಲ ಚಪ್ಪಾಳೆ ತಟ್ಟಿದವರ ಮುಖ ಹೇಗಿರುತ್ತದೆಂದು ನಾನು ಅಂದು ನೋಡಿದೆ.

ಅರ್ಧ ಗಂಟೆಯ ನಂತರ ಹಿಂಕೋಣೆಯಲ್ಲಿ ತೋಗಾರ್‌ಗೆ ವಿಷಯ ಗೊತ್ತಾಯಿತು.

"ಯಾರು ಒಪ್ಪಿದ್ದು? ಯಾರವನು? ಹೆಸರು ಹೇಳು, ಈಗ್ಲೇ ಹೋಗಿ ಮಾತಾಡ್ಸಿಕೊಂಡು ಬರ್ತೀನಿ!"

"ಎಲ್ಲಾರೂ," ಎಂದಳು ವೆನಿಂಗ್.

"ಎಲ್ಲಾರೂ ಅಂದ್ರೆ? ನೀನಿದ್ಯಲ್ಲ ಅಲ್ಲಿ!"

"ನಾನೂ."

ತೋಗಾರ್ ಕಾಗದದ ರೀಮಿನ ಮೇಲೆ ಕುಸಿದು ಕೂತ. "ನೀನೂ ಅಂದ್ರೆ? ಬಾಯಿಬಿಟ್ಟು? ಸೆತುಜು ಅಂತ? ಗರಡೀಲಿ ಎಂಬತ್ತು ಕಿಲೋ ಗಂಡಸ್ನ ಎತ್ತಿ ಹಾಕ್ತೀಯ, ನಾಲಿಗೆ ಮೇಲಿನ ಒಂದು ಮಾತು ತಡೆಯಕ್ಕಾಗ್ಲಿಲ್ವಾ?"

"ಬಂದುಬಿಡ್ತು ತೋಗಾರ್. ಎಲ್ಲಾರ್ದೂ ಬಂತು, ನಂದೂ ಬಂದುಬಿಡ್ತು."

"ಎಂಟು ತಿಂಗಳು ನಿನ್ ರಿಸೋಲ್ ತಿಂದು ತಿಂದು ನನ್ ಅಂಗಿ ಗುಂಡಿ ಎರಡು ಹಾರಿಹೋಗಿದಾವೆ! ಯಾವನೋ ಮಾವಿನಹಣ್ಣು ತಿನ್ನೋಕಾ ನಾನು ಗುಂಡಿ ಕಳ್ಕೊಂಡಿದ್ದು?"

ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಾಗುತ್ತಿತ್ತು. ಚುಕ್ ಕೈಗೆತ್ತಿಕೊಂಡು, ತಂತಿ ಬಿಗಿ ಮಾಡಿ, ಸಡಿಲ ಮಾಡಿ, ಮತ್ತೆ ಬಿಗಿ ಮಾಡಿದಳು.

ಮರುದಿನ ದನೇಂದ್ರನ ಹತ್ತಿರ ಹೋದಳು. ಹೋದಳು ಅನ್ನುವುದಕ್ಕಿಂತ, ಅವನು ಜೆರಾಕ್ಸ್ ಮಾಡಿಸಲು ಬಂದಾಗ ಪಕ್ಕದಲ್ಲಿ ಬಂದು ನಿಂತಳು.

"ಮಾಸ್, ತಪ್ಪು ತಿಳ್ಕೋಬೇಡಿ, ನಿಮಗೆ ತೊಂದ್ರೆ ಆಗಲ್ಲ ಅಂದ್ರೆ, ಆ ಹದಿನೈದು ನಿಮಿಷದ ವಿಷಯ..."

"ದಿಕ್ ವೆನಿಂಗ್," ಎಂದ ಅವನು, ತಂಗಿಯೊಡನೆ ಮಾತಾಡುವ ಅಣ್ಣನಂತೆ, "ನನಗೂ ಮನಸ್ಸು ನೋವಾಗ್ತಿದೆ ನೋಡು. ಆದ್ರೆ ಸಭೆ ಒಪ್ಪಿದ್ದನ್ನ ನಾನೊಬ್ಬ ಹೇಗೆ ಬದಲಾಯಿಸ್ಲಿ? ನೀನೂ ಒಪ್ಪಿದ್ದೆ. ನಿನ್ನ ದನಿ ಚೆನ್ನಾಗಿ ಕೇಳಿಸ್ತು. ಅಂದಹಾಗೆ ಹಬ್ಬದ ದಿನ ಗೇಟ್ ಹತ್ರ ಮೂರು ಡಬ್ಬಿ ನೋಡ್ಕೋತೀಯಲ್ಲ? ನಿನ್ನ ಬಿಟ್ರೆ ಯಾರಿದಾರೆ?"

"ಆಗ್ಲಿ ಮಾಸ್," ಎಂದಳು ವೆನಿಂಗ್.

ನನ್ನ ಕೈಯಲ್ಲಿದ್ದ ಸ್ಟೇಪ್ಲರ್ ತಾನಾಗಿಯೇ ನಾಲ್ಕು ಪಿನ್ನು ಉಗುಳಿತು. ಅವನು ಹೋದ ಮೇಲೆ ನಾನು ಸಿಡಿದೆ: "ಮಗಳೇ, ನಿನ್ನ ನಾಲಿಗೇಲಿ 'ಇಲ್ಲ' ಅನ್ನೋ ಪದಾನೇ ಹುಟ್ಟಿಲ್ವಾ?"

"ಹುಟ್ಟಿದೆ ಪಾಕ್. ಹಲ್ಲಿನ ತನಕ ಬರತ್ತೆ. ಎದುರಿಗಿರೋರ ಮುಖ ನೋಡಿದ ತಕ್ಷಣ ವಾಪಸ್ ಹೋಗತ್ತೆ."

ಅಂದಿನಿಂದ ತಾಲೀಮಿನ ಹೊತ್ತಿನಲ್ಲಿ ಇನ್ನೊಂದು ತಾಲೀಮು ಶುರುವಾಯಿತು. ತೋಗಾರ್ ಗುರು. "ಕಾಲು ಅಗಲ ಮಾಡು. ಹೊಟ್ಟೆಯಿಂದ ಬರ್ಬೇಕು. ಇಲ್ಲ!" ಎಂದು ಅವನು ಗುಡುಗಿದಾಗ ನನ್ನ ಯಂತ್ರ ಹೆದರಿ ಖಾಲಿ ಹಾಳೆ ಹೊರಹಾಕಿತು. ವೆನಿಂಗ್ ಕಾಲು ಅಗಲಿಸಿ, ಉಸಿರೆಳೆದು, ಕಣ್ಣುಮುಚ್ಚಿ, "ಇ..." ಎಂದಳು. "ಇ... ಇರ್ಲಿ ಬಿಡಿ" ಎಂದು ಮುಗಿಸಿದಳು. ಹೀಗೆ ಒಂದು ವಾರ. ಅಷ್ಟರಲ್ಲಿ ತೋಗಾರ್‌ನ ಗಂಟಲು ಕಟ್ಟಿತು, ಅವಳ 'ಇಲ್ಲ' ಮಾತ್ರ ಕದಲಲಿಲ್ಲ.

ಬಾಗಿಲಲ್ಲಿ ನಿಂತು ಖಾಲಿ ಡಬ್ಬಿ ಜೋಡಿಸುತ್ತಿದ್ದ ಬು ವಾರ್ಸಿ ಇದನ್ನೆಲ್ಲ ನೋಡಿ ನೋಡಿ ಕೊನೆಗೆ ಬಾಯಿಬಿಟ್ಟಳು.

"ಏನ್ ಹುಡುಗ್ರೋ ನೀವು! ಅವಳಿಗೆ ಬರದ ಮಾತು ಯಾಕೆ ಕಲಿಸ್ತೀರಿ? ನಾನು ಹುಟ್ಟಿದಾಗಿಂದ ಯಾರಿಗೂ 'ಇಲ್ಲ' ಅಂದಿಲ್ಲ. ನನ್ನ ಕೇಳ್ಕೊಂಡು ಐದು ಗಂಡುಗಳು ಬಂದ್ರು. ನಾಲ್ಕು ಜನಕ್ಕೆ 'ಇನ್ನೂ ಇಲ್ಲ' ಅಂದೆ. ಅಷ್ಟೇ. ಯಾರಿಗೂ ಬೇಜಾರಾಗ್ಲಿಲ್ಲ."

"ಆ ನಾಲ್ಕು ಜನ ಏನಾದ್ರು ಬು?" ಎಂದ ತೋಗಾರ್, ಕಟ್ಟಿದ ಗಂಟಲಲ್ಲಿ.

"ಒಬ್ಬರು ಇಲ್ಲೇ ಜೆರಾಕ್ಸ್ ಅಂಗಡಿ ಇಟ್ಕೊಂಡಿದಾರೆ," ಎಂದಳು ಬು ವಾರ್ಸಿ, ನನ್ನ ಕಡೆ ನೋಡದೆ.

ಆ ವಿಷಯ ಇಲ್ಲಿಗೆ ಸಾಕು.

ಹಬ್ಬಕ್ಕೆ ನಾಲ್ಕು ದಿನ ಇದೆಯೆನ್ನುವಾಗ, ಮಂಗಳವಾರ ಸಂಜೆ ನಾಲ್ಕಕ್ಕೆ, ಕಾರ್ಯಕ್ರಮಪಟ್ಟಿಗೆ ಕೊನೆಯ ಒಪ್ಪಿಗೆ ಪಡೆಯುವ ಸಭೆ. ದನೇಂದ್ರ ಪಟ್ಟಿ ಓದಿದ. ಮೂರರಿಂದ ಏಳು ಖಾಲಿ. ಏಳರಿಂದ ಭಾಷಣ, ಆಮೇಲೆ ಗಾಯಕ. "ಸೆತುಜು?"

"ಸೆತುಜು!" ಎಂದಿತು ಸಭೆ. ಚಪ್ಪಾಳೆಗೆಂದು ಕೈಗಳು ಮೇಲೆದ್ದವು.

"ಇನ್ನೂ ಇಲ್ಲ, ಮಾಸ್," ಎಂದಿತು ಒಂದು ಸಣ್ಣ ದನಿ.

ಕೈಗಳು ಗಾಳಿಯಲ್ಲೇ ನಿಂತವು. ನನ್ನ ಮೂವತ್ತೊಂದು ವರ್ಷದಲ್ಲಿ ಆ ಜಗಲಿಯಲ್ಲಿ ಹಾವು ಬಂದದ್ದುಂಟು, ಒಮ್ಮೆ ಒಬ್ಬಳಿಗೆ ಹೆರಿಗೆ ನೋವು ಬಂದದ್ದುಂಟು. ಇಂಥ ಮಾತು ಬಂದದ್ದಿಲ್ಲ.

"ಏನು ಆಕ್ಷೇಪ ದಿಕ್?" ಎಂದ ದನೇಂದ್ರ, ನಗುವನ್ನು ಮುಖದಿಂದ ಇಳಿಯಗೊಡದೆ.

"ಆಕ್ಷೇಪ ಏನೂ ಇಲ್ಲ ಮಾಸ್. ಒಪ್ಪಿಗೆ ಇನ್ನೂ ಬಂದಿಲ್ಲ, ಅಷ್ಟೇ. ಬಂದ ತಕ್ಷಣ ಹೇಳ್ತೀನಿ." ಎಂದು ತಲೆ ತಗ್ಗಿಸಿ ಕ್ರೋಶಾ ಮುಂದುವರಿಸಿದಳು.

ಈಗ ದನೇಂದ್ರ ಸಿಕ್ಕಿಬಿದ್ದ. ಕೈ ಎತ್ತಿಸಿ ಎಣಿಸುವಂತಿಲ್ಲ. ಇಪ್ಪತ್ತೆರಡು ಜನ ಸೇರಿ ಒಬ್ಬಳನ್ನು ತುಳಿದರು ಎಂದಾಗುತ್ತದೆ, ಅಂಥ ನಾಚಿಕೆಗೇಡು ಯಾರೂ ಮಾಡುವುದಿಲ್ಲ. ಒಪ್ಪದ ಒಂದು ಮುಖ ಉಳಿದಿರುವಾಗ ಸಭೆ ಮುಗಿಸುವಂತೆಯೂ ಇಲ್ಲ. ಅವನು ಇಪ್ಪತ್ತು ನಿಮಿಷ ವಿವರಿಸಿದ. "ಈಗ ಸೆತುಜು?" "ಇನ್ನೂ ಇಲ್ಲ, ಮಾಸ್." ಅರ್ಧ ಗಂಟೆ ವಿವರಿಸಿದ. "ಈಗ?" "ಚೆನ್ನಾಗಿ ಹೇಳಿದ್ರಿ ಮಾಸ್. ಇನ್ನೂ ಇಲ್ಲ." ಸಂಜೆಯ ನಮಾಜಿಗೆ ಸಭೆ ಎದ್ದಿತು, ಮತ್ತೆ ಕೂತಿತು, ಹಸಿದು ಚದುರಿತು. ಮಾರನೆಯ ದಿನ ಮತ್ತೆ ನಾಲ್ಕಕ್ಕೆ ಕೂತಿತು. ಆ ಎರಡು ದಿನದಲ್ಲಿ ಅವಳ ಉಣ್ಣೆಯ ಶಾಲು ಮಡಿಲಿನಿಂದ ಹೊರಟು, ಚಾಪೆ ದಾಟಿ, ನನ್ನ ಅಂಗಡಿಯ ಕೌಂಟರ್ ಬಳಸಿ, ಬೀದಿಯ ಕಡೆ ಇಳಿಯುತ್ತಿತ್ತು. ಒಬ್ಬ ಸೈಕಲ್ ಸವಾರ ಅದಕ್ಕೆ ಸಿಕ್ಕಿ ಬಿದ್ದನೆಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ.

ಮೂರನೆಯ ದಿನ ಚಾಪೆಯ ತುದಿಯಲ್ಲಿ ಕೂತಿದ್ದ ಮೊದಲ ವರ್ಷದ ಒಬ್ಬಳು ಕೆಮ್ಮಿದಳು. "ಮಾಸ್, ನಂದೂ... ನಿಜ ಹೇಳ್ಬೇಕಂದ್ರೆ... ಇನ್ನೂ ಇಲ್ಲ. ನಮ್ಮದೂ ನೃತ್ಯ ಇತ್ತು." ಅವಳ ಪಕ್ಕದವನು, "ನಂದೂ ಪೂರ್ತಿ ಬಂದಿರ್ಲಿಲ್ಲ," ಎಂದ. ಎಂಟು, ಹತ್ತು, ಹನ್ನೆರಡು ಜನರ ಒಪ್ಪಿಗೆ ಬಂದದ್ದು ಹಾಗೆಯೇ ವಾಪಸು ಹೋಯಿತು.

"ಸರಿ," ಎಂದ ದನೇಂದ್ರ. ನುಣುಪೆಲ್ಲ ಉದುರಿತ್ತು. "ಗಾಯಕರ ಕಡೆಯವ್ರಿಗೇ ಫೋನ್ ಮಾಡ್ತೀನಿ. ಅವ್ರು ಬೈದ್ರೆ ಎಲ್ಲಾರೂ ಕೇಳಿಸ್ಕೊಳ್ಳಿ." ಎಂದು ಫೋನಿನ ಧ್ವನಿ ದೊಡ್ಡದು ಮಾಡಿ ಚಾಪೆಯ ನಡುವೆ ಇಟ್ಟ. ಹತ್ತು ಸಲ ಕ್ಷಮೆ ಕೇಳಿ, ಐದು ಸಲ ಆರೋಗ್ಯ ವಿಚಾರಿಸಿ, ಆ ನಾಲ್ಕು ಗಂಟೆಯಲ್ಲಿ ಕಾಲು ಗಂಟೆಯಷ್ಟು ಏನಾದರೂ ಸಡಿಲವಾಗಬಹುದೇ ಎಂದ.

"ಯಾವ ನಾಲ್ಕು ಗಂಟೆ?" ಎಂದಿತು ಆ ಕಡೆಯ ದನಿ.

"ಧ್ವನಿ ಪರೀಕ್ಷೆ... ಮೂರರಿಂದ ಏಳು... ಪಟ್ಟಿಯಲ್ಲಿ..."

"ಅಯ್ಯೋ, ಅದಾ? ಆ ಪಟ್ಟಿ ಎಲ್ಲಾ ಊರಿಗೂ ಅದೇ ಕಳಿಸೋದು ಮಾಸ್. ಅವ್ರ ವಿಮಾನ ಇಳಿಯೋದೇ ಆರೂವರೆಗೆ. ಏನು ಬೇಕಾದ್ರೂ ಮಾಡ್ಕೊಳ್ಳಿ. ನೀವು ಯಾರೂ ಕೇಳ್ಲೇ ಇಲ್ವಲ್ಲ?"

ಕೇಳಲೇ ಇಲ್ಲ! ಇಪ್ಪತ್ಮೂರು ಜನ, ಮುಂದೆ ದೇಶ ಆಳಬೇಕಾದವರು, ದೊಡ್ಡವರನ್ನು ಕೇಳುವುದು ಹೇಗೆಂಬ ಸಂಕೋಚದಲ್ಲಿ ಎರಡು ವಾರದಿಂದ ಯಾರಿಗೂ ಬೇಡದ ನಾಲ್ಕು ಗಂಟೆಗೆ ಕಾವಲು ಕೂತಿದ್ದರು. ಅದಕ್ಕಾಗಿ ಒಬ್ಬಳ ಎಂಟು ತಿಂಗಳನ್ನು ಚಪ್ಪಾಳೆ ತಟ್ಟಿ ಹೂತಿದ್ದರು. ನನಗೆ ಆ ಫೋನನ್ನೇ ಯಂತ್ರಕ್ಕೆ ಹಾಕಿ ನೂರು ಪ್ರತಿ ತೆಗೆದು ಊರೆಲ್ಲ ಅಂಟಿಸುವಷ್ಟು ಸಿಟ್ಟು ಬಂತು.

ದನೇಂದ್ರ ಪಟ್ಟಿ ತಿದ್ದಿದ. ನೃತ್ಯದವರಿಗೆ ನಾಲ್ಕೂವರೆ. ಕೆರೊಂಚೊಂಗ್‌ಗೆ ಐದೂವರೆಯಿಂದ ಐದೂ ಮುಕ್ಕಾಲು. ಐದು ನಲವತ್ತೇಳಕ್ಕೆ ಸಂಜೆಯ ಬಾಂಗ್. ಬಾಂಗ್ ಆದ ಮೇಲೆ ವೇದಿಕೆಯಲ್ಲಿ ಸದ್ದು ಮಾಡುವಂತಿಲ್ಲ. ಸರಿಯಾಗಿ ಹದಿನೈದು ನಿಮಿಷ.

"ಈಗ ಸೆತುಜು, ದಿಕ್ ವೆನಿಂಗ್?"

"ಈಗ ಬಂತು ಮಾಸ್," ಎಂದಳು ಅವಳು.

ಕಥೆ ಇಲ್ಲಿಗೆ ಮುಗಿಯಿತೆಂದು ತಿಳಿಯುವವರಿಗೆ ನಮ್ಮ ವಿಶ್ವವಿದ್ಯಾಲಯದ ಪರಿಚಯವಿಲ್ಲ. ಸಂಜೆಯ ವೇದಿಕೆ ಖಾಲಿ ಇದೆಯಂತೆ ಎಂದು ಸುದ್ದಿ ಹೋದದ್ದೇ ತಡ, ಭಾಷಣಗಾರರು ಸಕ್ಕರೆಗೆ ಇರುವೆ ಬಂದಂತೆ ಬಂದರು. ಏಳಕ್ಕಿದ್ದ ಭಾಷಣಗಳೆಲ್ಲ ನಾಲ್ಕೂ ಮುಕ್ಕಾಲಿಗೆ ಬಂದು ಕೂತವು. ಮೂವರು, ತಲಾ ಹದಿನೈದು ನಿಮಿಷ.

ಶನಿವಾರ ಮೈದಾನದಲ್ಲಿ ಮೂರು ಸಾವಿರ ಜನ. ಅಂಗಡಿಗೆ ಬೀಗ ಹಾಕಿ ನಾನೂ ಹೋದೆ. ವೇದಿಕೆಯ ಮೆಟ್ಟಿಲ ಬಳಿ ಏಳು ಜನ ವಾದ್ಯ ಹಿಡಿದು ನಿಂತಿದ್ದರು. ವೆನಿಂಗ್ ಬಾತಿಕ್ ಅಂಗಿ, ನೀಲಿ ತಲೆವಸ್ತ್ರ, ಕಂಕುಳಲ್ಲಿ ಚುಕ್; ಕಾಲಬುಡದಲ್ಲಿ, ಬು ವಾರ್ಸಿ ಆಗತಾನೇ ಕರಿದು ಕೊಟ್ಟ ಒಂದು ಡಬ್ಬಿ. ಅಂದು ಕೂಡ!

ಮೊದಲ ಭಾಷಣ ಇಪ್ಪತ್ತು ನಿಮಿಷ. ಎರಡನೆಯದು ಇಪ್ಪತ್ತೆರಡು. ಐದು ಇಪ್ಪತ್ತೇಳಕ್ಕೆ ಸಹಾಯಕ ಡೀನರು ಎದ್ದರು. ಅವರ ಭಾಷಣ ಒಂಬತ್ತು ಪುಟವೆಂದು ನನಗೆ ಗೊತ್ತು, ಹಿಂದಿನ ದಿನ ಜೆರಾಕ್ಸ್ ಮಾಡಿದ್ದು ನಾನೇ. ನಾಲ್ಕು ಪುಟ ಯಂತ್ರದಲ್ಲಿ ಸಿಕ್ಕಿಕೊಂಡಿತೆಂದು ಹೇಳಿ ಹರಿದುಹಾಕಬಾರದಿತ್ತೇ ಎಂದು ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಐದು ಮೂವತ್ತೈದು. ಅವರು ನಾಲ್ಕನೆಯ ಪುಟದಲ್ಲಿದ್ದರು. ಯುವಜನರ ಪ್ರತಿಭೆಗೆ ವೇದಿಕೆ ಒದಗಿಸುವ ಅಗತ್ಯದ ಬಗ್ಗೆ ಮಾತಾಡುತ್ತಿದ್ದರು.

"ಹೋಯ್ತು," ಎಂದ ತೋಗಾರ್. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದು ಅದೊಂದೇ ಸಲ. "ಹೋಯ್ತು ವೆನಿಂಗ್."

ವೆನಿಂಗ್ ಬಗ್ಗಿ ಡಬ್ಬಿ ಎತ್ತಿಕೊಂಡಳು. ನಮ್ಮಲ್ಲಿ ಹಿರಿಯರೆದುರು ಹೋಗುವಾಗ ಹೇಗೆ ಸೊಂಟ ಬಗ್ಗಿಸಬೇಕೋ ಹಾಗೆ ಬಗ್ಗಿ, ಮೆಟ್ಟಿಲು ಹತ್ತಿ, ಮೂರು ಸಾವಿರ ಜನರ ಮುಂದೆ ಸಹಾಯಕ ಡೀನರ ಪಕ್ಕ ನಿಂತು, ಎರಡೂ ಕೈಯಿಂದ ಡಬ್ಬಿ ಚಾಚಿದಳು. ಮೈಕಿನಲ್ಲಿ ಅವಳ ಮಾತು ಮೈದಾನಕ್ಕೆಲ್ಲ ಕೇಳಿಸಿತು.

"ಪಾಕ್, ತುಂಬಾ ಹೊತ್ತಿಂದ ನಿಂತಿದೀರ. ಬಿಸಿ ಇದೆ. ದಯವಿಟ್ಟು."

ಹಿರಿಯ ಮನುಷ್ಯ, ತುಂಬಿದ ಸಭೆ, ಎರಡೂ ಕೈಯಿಂದ ನೀಡಿದ ತಿಂಡಿ. ನಮ್ಮ ಸೋಲೋದಲ್ಲಿ ಇದನ್ನು ಬೇಡವೆಂದವನು ಹುಟ್ಟಿಲ್ಲ. ತೆಗೆದುಕೊಂಡ ಮೇಲೆ ಕೈಯಲ್ಲಿ ಹಿಡಿದು ನಿಲ್ಲುವಂತಿಲ್ಲ, ತಿನ್ನಬೇಕು. ನಿಂತು ತಿನ್ನುವುದು ಮರ್ಯಾದೆಯಲ್ಲ. ಅಷ್ಟರಲ್ಲಿ ತೋಗಾರ್ ಎಲ್ಲಿಂದಲೋ ಒಂದು ಕುರ್ಚಿ ತಂದು ಅವರ ಹಿಂದೆ ಇಟ್ಟಿದ್ದ. ಸಹಾಯಕ ಡೀನರು ಕೂತರು. ಕಚ್ಚಿದರು. ಬು ವಾರ್ಸಿಯ ಬಾಣಲೆಯಿಂದ ಆಗತಾನೇ ಇಳಿದ ರಿಸೋಲ್‌ನ ಒಡಲು ಮೆರಾಪಿಯ ಒಡಲಿಗೆ ಸಮ. ಅವರ ಕಣ್ಣಲ್ಲಿ ನೀರು ಬಂತು, ಬಾಯಿಂದ ಹಬೆ ಬಂತು, ಮಾತು ಬರಲಿಲ್ಲ. ಆ ಹೊತ್ತಿಗೆ ಏಳು ಜನ ವೇದಿಕೆಯ ಮೇಲಿದ್ದರು. ವೆನಿಂಗಳ ಚುಕ್ ಮಾತಾಡಿತು.

ಆರು ಸಾವಿರದಲ್ಲಿ ಅವಳು ದುಡ್ಡಿಲ್ಲದೆ ಕೊಟ್ಟ ರಿಸೋಲ್ ಅದೊಂದೇ.

ಹೇಗೆ ನುಡಿಸಿದರೆಂದು ನನ್ನನ್ನು ಕೇಳಬೇಡಿ. ನಾನು ಹೇಳಿದರೆ ನೀವು ಹತ್ತರಲ್ಲಿ ಒಂದು ಪಾಲು ನಂಬುತ್ತೀರಿ, ಇಲ್ಲಿ ನೀವು ಹತ್ತೂ ಪಾಲು ನಂಬಬೇಕು. ಇಷ್ಟು ಹೇಳುತ್ತೇನೆ: ಮೂರು ಸಾವಿರ ಫೋನುಗಳು ಕೈಯಿಂದ ಕೆಳಗಿಳಿದವು. ಕಾವಲುಗಾರ ಗೇಟು ಬಿಟ್ಟು ಒಳಗೆ ಬಂದ. ಮೂರನೆಯ ಹಾಡಿನ ನಡುವೆ, ತೋಗಾರ್ ಒಂದು ಸಾಲನ್ನು ಮೇಲಕ್ಕೆ ಎತ್ತಿಕೊಂಡು ಹೋಗಿ ಇನ್ನೇನು ಇಳಿಸಬೇಕು, ಐದು ನಲವತ್ತೇಳು. ಬಾಂಗ್ ಕೇಳಿಸಿತು. ಅವನು ಬಾಯಿ ಮುಚ್ಚಿದ. ಅವಳು ಅಂಗೈಯಿಂದ ತಂತಿ ಮುಚ್ಚಿದಳು. ಇಳಿಸಬೇಕಾದ ಸ್ವರ ಅಲ್ಲೇ ಮೇಲೆ ಉಳಿಯಿತು.

ಹನ್ನೊಂದು ನಿಮಿಷ.

ರಾತ್ರಿ ಗಾಯಕ ಬಂದ. ನಾಲ್ಕು ಹಾಡು. ಎರಡರಲ್ಲಿ ಅವನ ಬಾಯಿ ಒಂದು ಕಡೆ, ದನಿ ಇನ್ನೊಂದು ಕಡೆ. ಮಾವಿನ ಹೋಳುಗಳನ್ನು ಮುಟ್ಟಲಿಲ್ಲ. ಇಪ್ಪತ್ಮೂರು ಮಕ್ಕಳು ಎಂಟು ತಿಂಗಳು ಹೊತ್ತ ಡಬ್ಬಿಗಳೆಲ್ಲ ಅವನ ಜೇಬಿಗೆ ಹೋಗಿ, ಜೇಬು ವಿಮಾನ ಹತ್ತಿತು. ವಿಶ್ವವಿದ್ಯಾಲಯದವರು ಸಂಭ್ರಮ ಯಶಸ್ವಿ ಎಂದರು. ಕೆರೊಂಚೊಂಗ್‌ನ ವಿಷಯ ಎತ್ತಿದವರಿಗೆ, "ಕೊಟ್ಟೆವಲ್ಲ ಅವಕಾಶ" ಎಂದರು. ಕೊಟ್ಟರಂತೆ! ಕೊಡಬೇಕಾದ ನಾಲ್ಕು ನಿಮಿಷ ಇನ್ನೂ ಅವರ ಹತ್ತಿರವೇ ಇದೆ.

ಬುಧವಾರ ಸಂಜೆ ಏಳು ಜನವೂ ಹಿಂಕೋಣೆಗೆ ಬಂದರು. ಬು ವಾರ್ಸಿ ಬಾಗಿಲಲ್ಲಿ ಕೂತಳು. ವೆನಿಂಗ್ ಚುಕ್ ಹಿಡಿದು, "ಪಾಕ್, ಇವತ್ತು ನಿಮ್ಮ ಡ್ರಮ್ಮು ಬೇಡ," ಎಂದಳು. ನಾನು ಯಂತ್ರ ಆರಿಸಿದೆ. ಕೆಲಸದ ಹೊತ್ತಿನಲ್ಲಿ ಅದು ಆರಿದ್ದು ನನ್ನ ಮದುವೆಯ ದಿನ, ಆ ಹಬ್ಬದ ದಿನ ಬಿಟ್ಟರೆ ಅದೇ ಮೊದಲು.

ತೋಗಾರ್ ಮೊದಲಿನಿಂದ ಹಾಡಲಿಲ್ಲ. ಸಾಲು ನಿಂತಿದ್ದಲ್ಲಿಂದಲೇ, ಆ ಮೇಲಿನ ಸ್ವರದಿಂದಲೇ ಎತ್ತಿಕೊಂಡು ನಿಧಾನವಾಗಿ ಇಳಿಸತೊಡಗಿದ.

ಅಷ್ಟರಲ್ಲಿ ಡೀನರ ಕಚೇರಿಯ ಗುಮಾಸ್ತ ಓಡೋಡಿ ಬಂದ, ಕೈಯಲ್ಲಿ ಮೊಹರು ಒತ್ತಿದ ಕಾಗದ.

"ಪಾಕ್ ತುಕಿಮಿನ್, ಅರ್ಜೆಂಟು! ಜಕಾರ್ತಾದ ಗಾಯಕರಿಗೆ ಧನ್ಯವಾದ ಪತ್ರ. ಐದು ಪ್ರತಿ ಬೇಕು. ಮಷೀನ್ ಬಿಸಿ ಇದೆ ತಾನೇ?"

ನಾನು ಕಾಗದವನ್ನು ಮರ್ಯಾದೆಯಿಂದ ಎರಡೂ ಕೈಯಲ್ಲಿ ತೆಗೆದುಕೊಂಡು ಕೌಂಟರಿನ ಮೇಲಿಟ್ಟೆ. ಗೋಡೆಯ ಗಡಿಯಾರ ನೋಡಿದೆ.

"ಇನ್ನೂ ಇಲ್ಲ," ಎಂದೆ. "ನಾಲ್ಕು ನಿಮಿಷ ಕೂತ್ಕೊಳ್ಳಿ."